ರೀಲು ಮುಗಿಸೋಕೆ ಹೊಡೆದ ಫೋಟೋಗಳು

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕ್ಯಾಮೆರಾದ ಕಪ್ಪು-ಬಿಳುಪು ಫಿಲ್ಮ್ ರೀಲನ್ನು ಮನೆಯಲ್ಲೇ ತೊಳೆಯಬೇಕು ಅಂದರೆ ಮೊದಲು ಐಸ್ ತರಬೇಕು. ಫಿಲ್ಮ್ ಮೇಲೆ ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, 20 ಡಿಗ್ರಿಯಲ್ಲಿರಬೇಕು. ನಮ್ಮ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸಂಜೆಯಾದರೂ ಬಿಸಿಬಿಸಿ. ಹಾಗಾಗಿ ಮನೆಯವರೆಲ್ಲ ಊಟ ಮುಗಿಸಿ ಮಾಳಿಗೆ ಮೇಲೆ ಮಲಗೋಕೆ ಹೋದ ಮೇಲೆ ನಾನು ಬಚ್ಚಲುಮನೆ ಸೇರುತ್ತಿದ್ದೆ. ಬಾಗಿಲ ಸಂದಿಗೆ ಹಳೆ ಕೌದಿ ತುರುಕಿ, ಕತ್ತಲಲ್ಲಿ ರೀಲನ್ನು ಸುತ್ತಿ ತೊಳೆಯುವ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದರೆ ದೀಪ ಹಾಕಬಹುದು. ಡೆವಲಪರ್, ಮೂಡಿದ ಚಿತ್ರವನ್ನು ಕಾಯಂ ಮಾಡುವ ಹೈಪೋ, ತೊಳೆಯುವ ನೀರು, ಮೂರೂ ಬಾಟಲಿಗಳನ್ನು ಐಸ್ ನೀರಿನ ಪರಾತದಲ್ಲಿ ಒಟ್ಟಿಗೆ ನಿಲ್ಲಿಸುತ್ತಿದ್ದೆ. ಡೆವಲಪರ್ ಒಂದೇ ತಂಪಾಗಿದ್ದು, ಉಳಿದವು ಬಿಸಿ ಇದ್ದರೆ ನೆಗೆಟಿವ್ ಮೇಲಿನ ಪದರ ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಡುತ್ತದೆ. ಐಸ್ ಸಿಗದಿದ್ದರೆ 24 ಡಿಗ್ರಿಗೇ ತೃಪ್ತಿಪಟ್ಟು ಟೈಮ್ ಇಳಿಸುತ್ತಿದ್ದೆ. 20ರಲ್ಲಿ 8 ನಿಮಿಷ ಬೇಕಾದ ರೀಲಿಗೆ 24ರಲ್ಲಿ ಸುಮಾರು 6 ನಿಮಿಷ ಸಾಕು.

ಆ ಪರಾತ ಮನೆಯಲ್ಲಿ ಹಿಟ್ಟು ನಾದುವ ಪರಾತ. "ಅದನ್ನ ಮತ್ತ ಒಲಿ ಕಡಿ ತರಬ್ಯಾಡ್ರಿ" ಅಂದಳು ಹೆಂಡತಿ. ಹೊಸದೊಂದು ಬಂತು, ಹಳೆಯದು ನನ್ನದಾಯ್ತು. ಈಗಲೂ ಇದೆ.

ತಮಾಷೆ ಅಂದರೆ ಕಲರ್ ರೀಲಿಗೆ ಬೇಕಾದದ್ದು 38 ಡಿಗ್ರಿ. ಬೇರೆ ಕಡೆ ಅದಕ್ಕೆ ನೀರು ಕಾಯಿಸಿಕೊಳ್ಳಬೇಕು, ನಮ್ಮಲ್ಲಿ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಹೆಚ್ಚುಕಮ್ಮಿ ಅದೇ ಬರುತ್ತದೆ. ಆದರೂ ಕಲರ್ ತಂಟೆಗೆ ನಾನು ಹೋಗಲಿಲ್ಲ, ಲ್ಯಾಬಿಗೇ ಕೊಡುತ್ತಿದ್ದೆ.

ನೀರಿನದೇ ಇನ್ನೊಂದು ಮಾತಿದೆ. ಶಹಾಬಾದ ಫರ್ಶಿ, ವಾಡಿಯ ಸಿಮೆಂಟು, ಎಲ್ಲ ಸುಣ್ಣಕಲ್ಲಿನಿಂದಲೇ ಬಂದದ್ದಲ್ವಾ? ಆ ನೆಲದ ಬೋರ್ ನೀರು ಗಡಸು. ನೆಗೆಟಿವ್ ಒಣಗಿದ ಮೇಲೆ ಬಿಳಿ ಬಿಳಿ ಕಲೆ ಉಳಿಯುತ್ತಿತ್ತು. ಕೊನೆಯ ತೊಳೆತಕ್ಕೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೊಂದು ಹನಿ ಶಾಂಪೂ ಹಾಕಿದೆ, ಕಲೆ ಹೋಯಿತು. ಒಣಗಿಸೋದೂ ಬಚ್ಚಲಲ್ಲೇ, ಗೋಡೆಗೆಲ್ಲ ನೀರು ಚಿಮುಕಿಸಿ. ಇಲ್ಲದಿದ್ದರೆ ನಮ್ಮೂರಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ.

ಈ ಹುಚ್ಚು ಹಿಡಿಸಿದ್ದು ಕಾಕಾ. ಅವರು ಹೈದರಾಬಾದಿನಿಂದ ತಂದ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಸುಮ್ನೆ ಒಂದು ಡಬ್ಬಿ. ಬಿಸಿಲಿಗೆ ಒಂದು, ಮೋಡಕ್ಕೆ ಒಂದು ಗುರುತು, ಅಷ್ಟೇ. 120 ಅನ್ನೋ ಅಳತೆಯ ಅಗಲ ರೀಲು ಹಾಕಿದರೆ 12 ಚೌಕ ಫೋಟೋ. ನೆಗೆಟಿವ್ ಅಂಗೈಯಷ್ಟಲ್ಲದಿದ್ದರೂ 6 ಸೆಂಟಿಮೀಟರ್ ಚೌಕ ಇರುತ್ತಿತ್ತು. ಫೋಟೋ ಹಿಗ್ಗಿಸುವ ಎನ್ಲಾರ್ಜರ್ ಬೇಕಿಲ್ಲ, ಪೇಪರ್ ಮೇಲೆ ನೇರವಾಗಿ ಇಟ್ಟು ಬೆಳಕು ಕೊಟ್ಟರೆ ಅದೇ ಅಳತೆಯ ಪ್ರಿಂಟ್ ಸಿಗುತ್ತಿತ್ತು. ಮುತ್ಯಾನ ಫೋಟೋ ನಮ್ಮಲ್ಲಿ ಉಳಿದಿರುವುದು ಆ ಅಳತೆಯಲ್ಲೇ.

ನೌಕರಿ ಸಿಕ್ಕ ಮೇಲೆ ಯಾರದೋ ಕೈಯಿಂದ ರಷ್ಯಾದ ಜೆನಿಟ್ ಕ್ಯಾಮೆರಾ ಕೊಂಡೆ. ಹತ್ತಿರ ಹತ್ತಿರ ಒಂದು ಕೇಜಿ ಭಾರ. ಹೇಲಿಯೋಸ್ 58 ಎಂಎಂ ಲೆನ್ಸ್, ಮುಖ ತೆಗೆಯೋಕೆ ಇವತ್ತಿಗೂ ನನಗೆ ಅದೇ ಬೇಕು. ಬೆಳಕು ಅಳೆಯುವ ಮೀಟರ್ ಕೆಟ್ಟಿತ್ತು. ರಿಪೇರಿಗೆ ಹೋಗದೆ, 100 ಸ್ಪೀಡಿನ (ಸ್ಪೀಡ್ ಹೆಚ್ಚಿದಷ್ಟೂ ರೀಲಿಗೆ ಕಮ್ಮಿ ಬೆಳಕು ಸಾಕು) ರೀಲಿದ್ದರೆ ಬಿಸಿಲಲ್ಲಿ ಲೆನ್ಸಿನ ಕಿಂಡಿ ಎಫ್ 16, ಶಟರ್ 1/125 ಸೆಕೆಂಡ್ ಅನ್ನೋ ಲೆಕ್ಕ ಬಾಯಿಪಾಠ ಮಾಡಿಕೊಂಡೆ. ಜೆನಿಟ್‌ನ ಶಟರಿನ ಗರಿಷ್ಠ ವೇಗ 1/500, ಲೆನ್ಸ್ ಎಫ್ 16ರವರೆಗೆ ಮಾತ್ರ ಮುಚ್ಚುತ್ತದೆ. 400ರ ರೀಲು ಹಾಕಿ ನಮ್ಮ ಬಿಸಿಲಿಗೆ ನಿಂತರೆ ಅಲ್ಲಿಗೆ ಎರಡೂ ತುದಿ ಮುಟ್ಟುತ್ತೆ. ಅದಕ್ಕೇ 100ರ ರೀಲೇ ನನಗೆ ಸರಿ. ಪೂರ್ವ ಜರ್ಮನಿಯ ಓರ್ವೋ ಸಿಕ್ಕರೆ ಅದು, ಇಲ್ಲದಿದ್ದರೆ ಆಗ ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಹೆಸರಿನ ರೀಲು ಹಾಕುತ್ತಿದ್ದೆ.

ಲೆಕ್ಕ ಸುಲಭ, ಮನುಷ್ಯರು ಕಷ್ಟ. ನಮ್ಮ ಕಡೆ ದೊಡ್ಡ ಗುಂಪು ಫೋಟೋ ಅಂದರೆ ಎಳ್ಳಮಾವಾಸ್ಯೆ. ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಉಂಡು ಮುಗಿಸೋದು ನಡು ಮಧ್ಯಾಹ್ನಕ್ಕೆ. ಆಗಲೇ "ಫೋಟೋ ತಗಿಯಪ್ಪ" ಅಂತಾರೆ. ನೆತ್ತಿ ಮೇಲೆ ಸೂರ್ಯ, ಗಂಡಸರ ತಲೆ ಮೇಲೆ ಬೆಳ್ಳನೆ ಪಟಗಾ, ಅದರ ಕೆಳಗೆ ಕಣ್ಣೇ ಕಾಣದ ನೆರಳು. ಪಟಗಾ ನೋಡಿ ಬೆಳಕು ಕೊಟ್ಟರೆ ಮುಖ ಮಸಿ. ಮುಖಕ್ಕೆ ಕೊಡಬೇಕು, ಪಟಗಾ ಹೋದರೆ ಹೋಗಲಿ. ಕಪ್ಪು-ಬಿಳುಪು ನೆಗೆಟಿವ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ, ಕಮ್ಮಿ ಬೆಳಕನ್ನು ತಡೆಯೋದಿಲ್ಲ. ಎಲ್ಲರನ್ನೂ ಬನ್ನಿ ಗಿಡದ ನೆರಳಿಗೆ ಕರೆದುಕೊಂಡು ಹೋಗಿ ಎಫ್ 5.6ಕ್ಕೆ ತೆಗೆದರೆ ಇನ್ನೂ ಒಳ್ಳೆಯದು, ಆದರೆ ಉಂಡ ಹಿರಿಯರನ್ನು ಎಬ್ಬಿಸುವವರು ಯಾರು?

ಬೆಳಕು ಕಲಿತದ್ದು ಕೋಟೆಯ ಜಾಮಿಯಾ ಮಸೀದಿಯಲ್ಲಿ. 1367ರಲ್ಲಿ ಕಟ್ಟಿದ್ದು. ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದಕ್ಕಿಲ್ಲ, ಪೂರ್ತಿ ಮೇಲೆ ಚಾವಣಿ. ಬೆಳಕು ಬದಿಯ ಕಮಾನುಗಳಿಂದ ಒಳಗೆ ಬಂದು ಬರುಬರುತ್ತ ಕಡಿಮೆಯಾಗುತ್ತ ಹೋಗುತ್ತದೆ. ಮಕ್ಕಳನ್ನು ಒಂದೊಂದು ಕಮಾನಿನ ಕೆಳಗೆ ನಿಲ್ಲಿಸಿ ಅದೇ ಫೋಟೋ ಬೇರೆ ಬೇರೆ ಶಟರ್ ಸ್ಪೀಡಿನಲ್ಲಿ ತೆಗೆದಿದ್ದೇನೆ. ಮಗಳಿಗೆ ಆ ಜಾಗ ಅಂದರೆ ಈಗಲೂ "ನಿಂದ್ರಸ್ತಿದ್ದಿ" ಅನ್ನೋದೇ ನೆನಪು.

ಆಮೇಲೆ ಮನೆಗೆ ಯಾಶಿಕಾ ಎಂಎಫ್-2 ಅನ್ನೋ ಸಣ್ಣ ಕ್ಯಾಮೆರಾ ಬಂತು. ಎರಡು ಸೆಲ್ ಹಾಕಿದರೆ ಫ್ಲ್ಯಾಶ್ ರೆಡಿ, ಫೋಕಸ್ ಮಾಡುವ ತಾಪತ್ರಯವೇ ಇಲ್ಲ. ಅದು ಹೆಂಡತಿಯ ಕ್ಯಾಮೆರಾ ಆಯಿತು. ನಾನು ಜೆನಿಟ್‌ನಲ್ಲಿ ಫೋಕಸ್ ತಿರುಗಿಸಿ ಎಫ್ ಸೆಟ್ ಮಾಡುವಷ್ಟರಲ್ಲಿ ಮಗ ಎದ್ದು ಓಡಿರುತ್ತಿದ್ದ, ಅವಳದು ಅಷ್ಟರಲ್ಲಿ ಹೊಡೆದು ಮುಗಿದಿರುತ್ತಿತ್ತು. ನನ್ನ ಫೋಟೋಗಳಲ್ಲಿ ಎಲ್ಲರೂ ನೆಟ್ಟಗೆ ನಿಂತಿದ್ದಾರೆ, ಅವಳದರಲ್ಲಿ ನಗುತ್ತಿದ್ದಾರೆ. ಇದನ್ನು ಒಪ್ಪಿಕೊಳ್ಳೋಕೆ ನನಗೇನೂ ತೊಂದರೆ ಇಲ್ಲ, ಲೆನ್ಸ್ ಮಾತ್ರ ನನ್ನದೇ ಒಳ್ಳೆಯದು.

36 ಫೋಟೋದ ರೀಲು ನಮ್ಮಂಥ ಮನೆಯಲ್ಲಿ ಎಳ್ಳಮಾವಾಸ್ಯೆಗೆ ಹಾಕಿದ್ದು ಶರಣಬಸವೇಶ್ವರರ ಜಾತ್ರೆಗೂ ಮುಗಿಯುತ್ತಿರಲಿಲ್ಲ. ಹಬ್ಬಕ್ಕಿಷ್ಟು, ಹುಟ್ಟುಹಬ್ಬಕ್ಕಿಷ್ಟು ಅಂತ ಎಣಿಸಿ ಹೊಡೆಯೋದು. ಅರ್ಧ ರೀಲು ತೊಳೆಯೋಕೆ ಮನಸ್ಸು ಬರಲ್ಲ, ಫೋಟೋ ನೋಡೋ ಆತುರ ಬೇರೆ. "ಇನ್ನ ಎಷ್ಟು ಉಳಿದಾವ್ರಿ?" ಅಂತ ಅವಳು ಕೇಳೋದು, ನಾನು ಉಳಿದ ನಾಲ್ಕೈದನ್ನು ಮನೆಯೊಳಗೇ ಎದುರಿಗೆ ಕಂಡದ್ದಕ್ಕೆ ಹೊಡೆದು ಮುಗಿಸೋದು. ಬಾಜ್ (ಮಂಚ), ಹೊಲಿಗೆ ಮಷಿನ್, ಅಂಗಳದ ಸ್ಕೂಟರ್, ಬೀಸೋ ಕಲ್ಲಿನ ಮೇಲೆ ಕೂತ ಬೆಕ್ಕು.

ಈಗ ಮಕ್ಕಳು ಕೇಳೋದು ಅವನ್ನೇ. ಸಾಲಾಗಿ ನಿಂತ ಹಬ್ಬದ ಫೋಟೋಗಳನ್ನು ಒಂದು ಸಲ ನೋಡಿ ಬಿಡುತ್ತಾರೆ. ಒಂದು ಫೋಟೋದಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಬಾಗಿಲ ಬೆಳಕಿಗೆ 1/30ರಲ್ಲಿ ತೆಗೆದದ್ದು, ಕೈ ಎರಡೂ ಮಸುಕಾಗಿವೆ, ಮುಖ ಸ್ಪಷ್ಟವಾಗಿದೆ. ಹಿಂದೆ ಗೂಡಿನಲ್ಲಿ ಸೀಮೆಎಣ್ಣೆ ಬುಡ್ಡಿ, ಹಿತ್ತಾಳೆ ತಂಬಿಗೆ, ಗೋಡೆಗೆ ಕ್ಯಾಲೆಂಡರ್. ದೊಡ್ಡದು ಮಾಡಿ ನೋಡಿದರೆ ತಿಂಗಳು, ವರ್ಷ ಎರಡೂ ಓದೋಕೆ ಬರುತ್ತೆ. ಗುಂಪು ಫೋಟೋ ಒಂದರಲ್ಲೂ ಅವ್ವ ಕೆಲಸ ಮಾಡುತ್ತಿಲ್ಲ. ಕೆಲಸ ಮಾಡದ ಅವ್ವನನ್ನು ನಾವ್ಯಾರೂ ನೋಡಿದವರಲ್ಲ.

ನಿಮ್ಮ ಮನೆಯಲ್ಲೂ ನೆಗೆಟಿವ್ ಬಿದ್ದಿದ್ದರೆ ಇಷ್ಟು ಮಾಡಿ. ಅಂಟು ಹಾಳೆಯ ಆಲ್ಬಮ್‌ನಿಂದ ಪ್ರಿಂಟ್ ಬಿಡಿಸಿ ಇಡಿ, ಅದರ ಅಂಟೇ ಫೋಟೋ ತಿನ್ನುತ್ತದೆ. ತಗಡಿನ ಮಾಡಿನ ಕೆಳಗೆ ಏನನ್ನೂ ಇಡಬೇಡಿ. ಕಲರ್ ಪ್ರಿಂಟ್ ಬಣ್ಣ ಬಿಟ್ಟಿದ್ದರೂ ನೆಗೆಟಿವ್ ಅದಕ್ಕಿಂತ ಚೆನ್ನಾಗಿ ಉಳಿದಿರಬಹುದು, ಬಿಸಾಡಬೇಡಿ. ನಾನು ಟ್ಯಾಬ್ಲೆಟ್‌ನಲ್ಲಿ ಖಾಲಿ ಬಿಳಿ ಪರದೆ ತೆರೆದು, ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಗಾಜು ಇಟ್ಟು, ಗಾಜಿನ ಮೇಲೆ ನೆಗೆಟಿವ್ ಇಟ್ಟು ಮೊಬೈಲಿನಲ್ಲಿ ತೆಗೆಯುತ್ತೇನೆ. ನೇರ ಪರದೆ ಮೇಲಿಟ್ಟರೆ ಅದರ ಚುಕ್ಕೆಗಳೂ ಬರುತ್ತವೆ. ಅಂಚಿನ ನಂಬರ್ ಸರಿಯಾಗಿ ಓದೋಕೆ ಬರುವ ಹಾಗೆ ಇಡಿ, ಇಲ್ಲದಿದ್ದರೆ ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಾರೆ.

ಸದ್ಯ ಹೆಸರು ಬರೆಯೋ ಕೆಲಸ ನಡೆದಿದೆ. ಹಳಬರನ್ನು ಗುರುತು ಹಿಡಿಯೋಕೆ ಉಳಿದಿರುವವರು ಕಾಕು ಒಬ್ಬರೇ. ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದರೆ ಪಟಪಟ ಹೇಳುತ್ತಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದರು ಅನ್ನೋದೂ ಸೇರಿ. ಒಂದು ಎಳ್ಳಮಾವಾಸ್ಯೆ ಫೋಟೋದ ಬಲತುದಿಯಲ್ಲಿ ನಿಂತವನ ಬಳಿ ಮಾತ್ರ ಬಹಳ ಹೊತ್ತು ನಿಂತರು. "ಇವ ಯಾರಂತ ನನಗ ಗೊತ್ತಿಲ್ಲ" ಅಂದರು, "ಆದ್ರ ಊಟ ಮಾಡಿ ಹೋಗ್ಯಾನ." ಹಾಗೇ ಬರೆದುಕೊಂಡೆ.