ಯಕ್ಷಗಾನದ ಹಳೆಯ ಸಿ.ಡಿ.ಯಿಂದ ನ್ಯಾನೊಮೀಟರ್ ಅಳೆಯುವ ಬಗೆ

ಉಡುಪಿ, ಮಂಗಳೂರಿನ ಬಹಳಷ್ಟು ಮನೆಗಳ ಕಪಾಟಿನಲ್ಲಿ ಈಗ ಯಾರೂ ಹಾಕಿ ನೋಡದ ಯಕ್ಷಗಾನದ ಸಿ.ಡಿ., ಡಿ.ವಿ.ಡಿ.ಗಳು ಉಳಿದಿವೆ. ಅವುಗಳಲ್ಲಿ ಮಾಹಿತಿ ಬರೆದಿರುವ ಸೂಕ್ಷ್ಮ ಗೆರೆಗಳ ನಡುವೆ ಇರುವ, ಸಾವಿರ ನ್ಯಾನೊಮೀಟರಿನ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಆಸುಪಾಸಿನ ಅಂತರವನ್ನು ಅಳೆಯಲು ಮಣಿಪಾಲಕ್ಕೋ ಸುರತ್ಕಲ್ಲಿಗೋ ಹೋಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಸರದಿ ಕಾಯಬೇಕಾಗಿಲ್ಲ. ಆ ತಟ್ಟೆಗಳಲ್ಲಿ ಒಂದು, ಕೆಂಪು ಲೇಸರ್ ಪಾಯಿಂಟರ್, ಅಡಿಪಟ್ಟಿ ಮತ್ತು ಹಳೆಯ ಕ್ಯಾಲೆಂಡರಿನ ಹಾಳೆ ಇದ್ದರೆ ಸಾಕು.

ಮೊದಲು ಎಚ್ಚರಿಕೆಯ ಮಾತು. ಸಿ.ಡಿ.ಯ ಮೈ ಕನ್ನಡಿಯಂತೆಯೇ ಕೆಲಸ ಮಾಡುವುದರಿಂದ, ಅದರಿಂದ ಹಿಂತಿರುಗುವ ಲೇಸರ್ ಕಿರಣವೂ ನೇರ ಕಿರಣದಷ್ಟೇ ಅಪಾಯಕಾರಿ. ಉಪಕರಣವನ್ನು ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಡಬೇಕು, ಮಕ್ಕಳ ಕೈಗೆ ಲೇಸರನ್ನು ಕೊಡಬಾರದು. ಸಂತೆಯಲ್ಲಿ ಸಿಗುವ ಅಗ್ಗದ ಹಸಿರು ಲೇಸರುಗಳನ್ನು ನಾನು ಈ ಕೆಲಸಕ್ಕೆ ಬಳಸುವುದೇ ಇಲ್ಲ, ಏಕೆಂದರೆ ಅವುಗಳ ಶಕ್ತಿ ಎಷ್ಟೋ ಸಲ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚಿರುತ್ತದೆ.

ಮಳೆಗಾಲ ಕಳೆದ ಮೇಲೆ ತಟ್ಟೆಗೆ ಬೂಷ್ಟು ಹಿಡಿದಿದ್ದರೆ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಿ. ಕ್ಯಾಲೆಂಡರ್ ಹಾಳೆಯ ಬಿಳಿ ಬದಿ ಹೊರಗೆ ಕಾಣುವಂತೆ ರಟ್ಟಿಗೆ ಅಂಟಿಸಿ, ನಡುವೆ ಸಣ್ಣ ತೂತು ಕೊರೆದು ನೆಟ್ಟಗೆ ನಿಲ್ಲಿಸಿ. ಇದರ ಅಗಲ 40 ಸೆಂಟಿಮೀಟರಿಗೆ ಕಡಿಮೆಯಿರಬಾರದು. ರಟ್ಟಿನ ಹಿಂದೆ ಪುಸ್ತಕಗಳ ಅಟ್ಟಿಯ ಮೇಲೆ ಲೇಸರನ್ನು ಇಟ್ಟು, ಅದರ ಗುಂಡಿಯನ್ನು ಬಟ್ಟೆ ಕ್ಲಿಪ್ಪಿನಿಂದ ಒತ್ತಿಹಿಡಿದು, ಕಿರಣ ತೂತಿನ ಮೂಲಕ ಹಾಯುವಂತೆ ಮಾಡಿ. ಎದುರಿಗೆ, ಸರಿಯಾಗಿ 20 ಸೆಂಟಿಮೀಟರ್ ದೂರದಲ್ಲಿ, ಸಿ.ಡಿ.ಯ ಹೊಳೆಯುವ ಮುಖ ರಟ್ಟಿಗೆ ಸಮಾಂತರವಾಗಿರುವಂತೆ ನಿಲ್ಲಿಸಿ. ಕಿರಣವು ತಟ್ಟೆಯ ಎಡ ಅಥವಾ ಬಲ ಮಗ್ಗುಲಿಗೆ, ಕೇಂದ್ರದ ಮಟ್ಟದಲ್ಲೇ ಬೀಳಬೇಕು. ಸುರುಳಿಯಾಗಿ ಸುತ್ತಿರುವ ಗೆರೆಗಳು ಅಲ್ಲಿ ಲಂಬವಾಗಿರುವುದರಿಂದ ಬೆಳಕು ಅಡ್ಡಡ್ಡಲಾಗಿ ಹರಡುತ್ತದೆ. ಪ್ರತಿಫಲಿಸಿದ ಕಿರಣ ತಿರುಗಿ ತೂತಿಗೇ ಬೀಳುವವರೆಗೆ ತಟ್ಟೆಯನ್ನು ತುಸು ತುಸುವೇ ಹೊಂದಿಸಬೇಕು. ತಾಳ್ಮೆ ಬೇಡುವ ಭಾಗ ಇದೊಂದೇ.

ಈಗ ತೂತಿನ ಎರಡೂ ಪಕ್ಕಗಳಲ್ಲಿ ಒಂದೊಂದು ಚುಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ತೀರ ಹೊರಗೆ ಇನ್ನೂ ಎರಡು ಮಂಕು ಚುಕ್ಕೆಗಳು ಕಂಡರೆ ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಳಗಿನ ಎರಡು ಚುಕ್ಕೆಗಳ ನಡುವಣ ದೂರವನ್ನು ಅಳೆದು ಅರ್ಧಮಾಡಿದರೆ, 650 ನ್ಯಾನೊಮೀಟರ್ ತರಂಗದೂರದ (ಬೆಳಕಿನ ಒಂದು ಅಲೆಯ ಉದ್ದ) ಲೇಸರಿಗೆ ಸುಮಾರು 8.9 ಸೆಂಟಿಮೀಟರ್ ಬರುತ್ತದೆ. 20ರ ವರ್ಗಕ್ಕೆ 8.9ರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ 21.9, 8.9ನ್ನು ಅದರಿಂದ ಭಾಗಿಸಿದರೆ 0.406 (ಕಿರಣ ಓರೆಯಾದ ಕೋನದ ಸೈನ್ ಬೆಲೆ ಇದೇ); 650ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವ 1,600 ನ್ಯಾನೊಮೀಟರೇ ಸಿ.ಡಿ.ಯ ಗೆರೆಯಿಂದ ಗೆರೆಗೆ ಇರುವ ಅಂತರ. ಅರ್ಧಮಾಡಿದ ಈ ಅಳತೆಯಲ್ಲಿ 2 ಮಿಲಿಮೀಟರ್ ತಪ್ಪಿದರೆ ಉತ್ತರ ಸುಮಾರು 30 ನ್ಯಾನೊಮೀಟರ್ ತಪ್ಪುತ್ತದೆ. ಲೇಸರಿನ ತರಂಗದೂರ ಗೊತ್ತಿಲ್ಲದವರು ಲೆಕ್ಕವನ್ನು ತಿರುಗಿಸಿ, 1,600ನ್ನು ಆ ದಶಮಾಂಶದಿಂದ ಗುಣಿಸಿ ಮೊದಲು ಅದನ್ನೇ ಕಂಡುಕೊಳ್ಳಬಹುದು.

ಗೆರೆಗಳು 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಂದೆ ಇರುವಾಗ ಅದರ ವಕ್ರೀಭವನವನ್ನು ಲೆಕ್ಕಕ್ಕೆ ಸೇರಿಸಬೇಡವೇ ಎಂದು ಪಿ.ಯು.ಸಿ. ವಿದ್ಯಾರ್ಥಿಗಳು ಕೇಳುವುದುಂಟು. ಬೇಡ. ಒಳಗೆ ತರಂಗದೂರ ಕುಗ್ಗಿ ಕೋನ ಕಿರಿದಾಗುವುದು ನಿಜವಾದರೂ, ಸಪಾಟಾದ ಮುಖದಿಂದ ಹೊರಬರುವಾಗ ಕಿರಣ ಅಷ್ಟೇ ಬಾಗುವುದರಿಂದ ಎರಡೂ ಸರಿಹೋಗುತ್ತವೆ.

ಡಿ.ವಿ.ಡಿ.ಯನ್ನು 10 ಸೆಂಟಿಮೀಟರ್ ದೂರಕ್ಕೆ ತಂದು ನಿಲ್ಲಿಸಬೇಕು, ಇಲ್ಲವಾದರೆ ಚುಕ್ಕೆಗಳು ರಟ್ಟಿನ ಆಚೆಗೆ ಹೋಗುತ್ತವೆ. ಆಗ ಪ್ರತಿ ಚುಕ್ಕೆಯೂ ತೂತಿನಿಂದ ಸುಮಾರು 18.4 ಸೆಂಟಿಮೀಟರ್ ದೂರದಲ್ಲಿ ಬಿದ್ದು, ಅದೇ ಲೆಕ್ಕದಿಂದ 740 ನ್ಯಾನೊಮೀಟರ್ ಸಿಗುತ್ತದೆ. ಅಂತರ ಕಿರಿದಾದಷ್ಟೂ ಬೆಳಕು ಹೆಚ್ಚು ಓರೆಯಾಗಿ ಸಿಡಿಯುತ್ತದೆ.

ಬ್ಲೂ-ರೇ ತಟ್ಟೆ ಸಿಕ್ಕುವುದು ಕಷ್ಟ, ಆದರೆ ಸಿಕ್ಕಿದರೆ ಬಿಡಬೇಡಿ. ಅದರ ಗೆರೆಗಳ ಅಂತರ 320 ನ್ಯಾನೊಮೀಟರ್ ಮಾತ್ರ. ಅದಕ್ಕೆ ಲೇಸರ್ ಹಿಡಿದರೆ ಪಕ್ಕದ ಚುಕ್ಕೆಗಳೇ ಇರುವುದಿಲ್ಲ. 650ನ್ನು 320ರಿಂದ ಭಾಗಿಸಿದರೆ ಎರಡಕ್ಕಿಂತ ಹೆಚ್ಚು ಬರುತ್ತದೆ, ಸೈನ್ ಬೆಲೆಯಾದರೋ ಒಂದನ್ನು ಮೀರುವಂತಿಲ್ಲ. ಪಕ್ಕಕ್ಕೆ ಹರಡಬೇಕಾಗಿದ್ದ ಬೆಳಕು ಗೆರೆಗಳ ಮೈಗೇ ಅಂಟಿಕೊಂಡು, ನೂರು ನ್ಯಾನೊಮೀಟರಿನ ಆಸುಪಾಸಿನಲ್ಲೇ ಕ್ಷೀಣಿಸುತ್ತದೆ. ನ್ಯಾನೊಫೋಟಾನಿಕ್ಸಿನ ಸೀಮೆ ಇಲ್ಲಿಂದ ಆರಂಭ: ತರಂಗದೂರಕ್ಕಿಂತ ಕಿರಿದಾದ ರಚನೆಗಳನ್ನು ಬೆಳಕು ಬಿಡಿಬಿಡಿಯಾಗಿ ಗುರುತಿಸದೆ ಒಂದೇ ವಸ್ತುವೆಂಬಂತೆ ಕಾಣುವುದರಿಂದ, ಆ ರಚನೆಗಳ ಆಕಾರವನ್ನು ತಿದ್ದಿ ಬೆಳಕನ್ನು ಬೇಕಾದಂತೆ ಬಾಗಿಸಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಫೆಡೆರಿಕೊ ಕಪಾಸೊ ಅವರ ತಂಡ 2016ರಲ್ಲಿ ಟೈಟಾನಿಯಂ ಡೈಆಕ್ಸೈಡಿನ ನ್ಯಾನೊ ಕಂಬಗಳಿಂದ ದೃಗ್ಗೋಚರ ಬೆಳಕಿಗೆ ಚಪ್ಪಟೆ ಮಸೂರ ಮಾಡಿ ತೋರಿಸಿದ್ದು ಈ ದಾರಿಯಲ್ಲೇ.

ಲೇಸರನ್ನು ಆರಿಸಿ, ಕತ್ತಲೆಯ ಕೋಣೆಯಲ್ಲಿ ಬಿಳಿ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕಕ್ಕೆ ಹಿಡಿದು ಅದೇ ಬ್ಲೂ-ರೇ ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿ. ಸುಮಾರು 45 ಡಿಗ್ರಿಯಲ್ಲಿ ನೀಲಿ ಬಣ್ಣವೂ 55ರ ಹೊತ್ತಿಗೆ ಹಸಿರೂ ಕಾಣುತ್ತವೆ, ಸಿ.ಡಿ.ಯಲ್ಲಿ ಅಷ್ಟು ಧಾರಾಳವಾಗಿ ಕಾಣುವ ಕಡುಗೆಂಪು ಮಾತ್ರ ತಟ್ಟೆಯನ್ನು ಎಷ್ಟು ಬಾಗಿಸಿದರೂ ಬರುವುದಿಲ್ಲ.