ಲೆಕ್ಕದ ಸರ್ವರ್ ನಿಂತಾಗ: ರೀಸ್ಟಾರ್ಟ್‌ಗೂ ಒಂದು ಕ್ರಮವಿದೆ

ತಿಂಗಳ 11ನೇ ತಾರೀಕು, ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ. ಕೌಂಟರಿನಲ್ಲಿ ಇಬ್ಬರು ಬಿಲ್ ಹಾಕುತ್ತಿದ್ದಾರೆ, ಒಳಕೋಣೆಯಲ್ಲಿ ಅಕೌಂಟೆಂಟ್ ಲೆಕ್ಕ ತಾಳೆ ನೋಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೂರೂ ಕಂಪ್ಯೂಟರ್ ಹ್ಯಾಂಗ್. ಯಾರೋ ಒಬ್ಬರು ಎದ್ದು ಹೋಗಿ, ಮೂಲೆಯಲ್ಲಿರುವ ಸರ್ವರಿನ ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ಹೋಲ್‌ಸೇಲ್ ಅಂಗಡಿ, ಅಕ್ಕಿ ಗಿರಣಿ, ಔಷಧ ವಿತರಕರ ಕಚೇರಿ, ಎಲ್ಲ ಕಡೆಯೂ ಇದನ್ನೇ ನೋಡಿದ್ದೇನೆ. ಆ ಬಟನ್ನಿಗೆ ಕೈ ಹಾಕಬೇಡಿ.

ನಿಲ್ಲಿಸಿ ಶುರು ಮಾಡಬೇಕಾಗಿರುವುದು ಕಂಪ್ಯೂಟರನ್ನಲ್ಲ, ಅದರೊಳಗೆ ಓಡುತ್ತಿರುವ ಡೇಟಾಬೇಸ್ ಸರ್ವೀಸನ್ನು. ಬ್ಯುಸಿಯಂಥ ಲೆಕ್ಕದ ತಂತ್ರಾಂಶವನ್ನು ಹತ್ತು ಜನ ಒಟ್ಟಿಗೆ ಬಳಸಬೇಕಾದಾಗ ಅದನ್ನು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದ ಮೇಲೆ ಕೂರಿಸುತ್ತಾರೆ. ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಅದರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ ಇರುತ್ತದೆ. ಇಲ್ಲಿ ಹೇಳುತ್ತಿರುವುದು ಆ ವ್ಯವಸ್ಥೆಯ ಬಗ್ಗೆ. ಟ್ಯಾಲಿ ತನ್ನದೇ ಫೈಲುಗಳಲ್ಲಿ ಲೆಕ್ಕ ಇಡುತ್ತದೆ, ಅದರ ದಾರಿ ಬೇರೆ.

"ಸಾರ್, ಬೆಳಗ್ಗೆಯಿಂದ ಮೂರು ಸಲ ಆಫ್ ಮಾಡಿ ಆನ್ ಮಾಡಿದ್ವಿ, ಏನೂ ಆಗ್ಲಿಲ್ಲ" ಎಂದು ಫೋನ್ ಮಾಡುವವರಿಗೆ ಒಂದು ಮಾತು. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಒತ್ತಿದಾಗ ನಿಮ್ಮ ಲಾಗಿನ್ ಮಾತ್ರ ಮುಚ್ಚುತ್ತದೆ. ಒಳಗಿನ ಸರ್ವೀಸುಗಳು ಇದ್ದ ಸ್ಥಿತಿಯಲ್ಲೇ ಡಿಸ್ಕಿನಲ್ಲಿ ನಿದ್ದೆಗೆ ಹೋಗಿ, ಮತ್ತೆ ಆನ್ ಮಾಡಿದಾಗ ಅದೇ ಸ್ಥಿತಿಯಲ್ಲಿ ಎದ್ದು ಕೂರುತ್ತವೆ. ಸಿಕ್ಕಿಕೊಂಡಿದ್ದ ಸರ್ವೀಸು ಸಿಕ್ಕಿಕೊಂಡೇ ಇರುತ್ತದೆ. ಸರ್ವರ್ ಆಗಿ ಬಳಸುವ ಕಂಪ್ಯೂಟರಿನಲ್ಲಿ ಈ ಸೌಲಭ್ಯವನ್ನು ಇವತ್ತೇ ತೆಗೆದುಹಾಕಿ.

ಮೊದಲ ಹಂತ: ಎಲ್ಲರನ್ನೂ ಹೊರಗೆ ಕರೆಯುವುದು

ಜನ ಎಡವುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಓದಿ.

ತೆರೆಯ ಮೇಲೆ ಅರ್ಧ ತುಂಬಿರುವ ಬಿಲ್ಲು ಸಾಮಾನ್ಯವಾಗಿ ಇನ್ನೂ ಡೇಟಾಬೇಸ್ ತಲುಪಿರುವುದಿಲ್ಲ. ಸೇವ್ ಒತ್ತಿದ ಮೇಲೆ ಸರ್ವೀಸು ಅದನ್ನು ಮೊದಲು ಲಾಗ್ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಬಿಡುವು ಮಾಡಿಕೊಂಡು ಮುಖ್ಯ ದತ್ತಾಂಶದ ಫೈಲಿಗೆ ಏರಿಸುತ್ತದೆ. ಕಿರ್ದಿ ಪುಸ್ತಕದಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವ ಹಾಗೆಯೇ. ಸೇವ್ ಆಗುತ್ತಿರುವಾಗಲೇ ಸರ್ವೀಸು ನಿಂತರೆ ಆ ಎಂಟ್ರಿ ಪೂರ್ತಿ ರದ್ದಾಗುತ್ತದೆ. ಅರ್ಧ ಬಿಲ್ಲು ಉಳಿಯದಿರಲಿ ಎಂದೇ ಹಾಗೆ ಮಾಡಿದ್ದಾರೆ, ಅದು ಒಳ್ಳೆಯದೇ. ಆದರೆ ಬಿಲ್ ಹಾಕಿದವರು "ನಾನು ಸೇವ್ ಮಾಡಿದ್ದೆ" ಎಂದೇ ನಂಬಿರುತ್ತಾರೆ. ತಿಂಗಳ ಕೊನೆಯಲ್ಲಿ ಸ್ಟಾಕ್ ತಾಳೆಯಾಗದೆ ಗುಮಾಸ್ತರ ಮೇಲೆ ಅನುಮಾನ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಆದ್ದರಿಂದ ಪ್ರತಿಯೊಬ್ಬರ ಬಳಿ ಹೋಗಿ ಬಾಯಿಬಿಟ್ಟು ಹೇಳಿ. ವಾಟ್ಸ್ಯಾಪ್ ಗುಂಪಿಗೆ ಸಂದೇಶ ಹಾಕಿದರೆ ಸಾಲದು. ಸೇವ್ ಮಾಡಲು ಆಗುವವರು ಸೇವ್ ಮಾಡಿ ಹೊರಬರಲಿ. ತೆರೆ ನಿಂತುಹೋದವರು ಮೊಬೈಲಿನಲ್ಲಿ ಅದರ ಫೋಟೊ ತೆಗೆಯಲಿ, ಕೊನೆಯದಾಗಿ ಸೇವ್ ಆದ ವೋಚರ್ ನಂಬರನ್ನು ಚೀಟಿಯಲ್ಲಿ ಬರೆಯಲಿ. ಎಲ್ಲರಿಂದಲೂ ಈ ಚೀಟಿ ಕೇಳಿ ಪಡೆಯಿರಿ. ಕೆಳಗೆ ಮಿನಿಮೈಜ್ ಆಗಿ ಕುಳಿತ ಕಿಟಕಿಗಳನ್ನೂ ನೋಡಿ. ಗೋದಾಮಿನ ಕಂಪ್ಯೂಟರ್ ಮತ್ತು ಮನೆಯಿಂದ ರಿಮೋಟ್‌ನಲ್ಲಿ ಕೆಲಸ ಮಾಡುವ ಲೆಕ್ಕಿಗರು, ಈ ಇಬ್ಬರನ್ನೇ ಯಾವಾಗಲೂ ಮರೆಯುವುದು.

ಎಲ್ಲರೂ ಹೊರಬಂದ ಮೇಲೆ ಸರ್ವರಿನಲ್ಲೇ ಕುಳಿತು ತಂತ್ರಾಂಶದ ಮೆನುವಿನಿಂದ ಒಂದು ಬ್ಯಾಕಪ್ ತೆಗೆಯಿರಿ. ಹ್ಯಾಂಗ್‌ನಿಂದಾಗಿ ಬ್ಯಾಕಪ್ ಆಗದಿದ್ದರೆ ಒತ್ತಾಯ ಮಾಡಬೇಡಿ, ಶುರುವಾದ ತಕ್ಷಣ ತೆಗೆಯಿರಿ. ಮುಖ್ಯ ದತ್ತಾಂಶದ ಫೈಲಾದ ಎಂಡಿಎಫ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬ್ಯಾಕಪ್ ಆಯಿತು ಎನ್ನುವವರಿದ್ದಾರೆ. ಜೊತೆಯ ಲಾಗ್ ಫೈಲು, ಅಂದರೆ ಎಲ್‌ಡಿಎಫ್, ಇಲ್ಲದೆ ಅದನ್ನು ನಂಬಿ ಕೂರುವಂತಿಲ್ಲ.

ದೊಡ್ಡ ಕಚೇರಿಯಾದರೆ ಇನ್ನೊಂದು ಉಪಾಯ. ಸರ್ವೀಸಿಗೆ ಪಾಜ್ (Pause) ಎಂಬ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಒಳಗಿರುವವರ ಕೆಲಸ ನಡೆಯುತ್ತದೆ, ಹೊಸಬರು ಒಳಗೆ ಬರಲಾಗುವುದಿಲ್ಲ. ಅಂಗಡಿಯ ಷಟರ್ ಅರ್ಧ ಎಳೆದಂತೆ. ಕೆಲವು ತಂತ್ರಾಂಶಗಳು ಪ್ರತಿ ಕೆಲಸಕ್ಕೂ ಹೊಸ ಸಂಪರ್ಕ ತೆರೆಯುವುದರಿಂದ ಒಳಗಿರುವವರಿಗೂ ಎರರ್ ಬರಬಹುದು. ಹಾಗಾಗಿ ಎಲ್ಲರಿಗೂ ಹೇಳಿ, ಬ್ಯಾಕಪ್ ತೆಗೆದ ಮೇಲಷ್ಟೇ ಇದನ್ನು ಒತ್ತಿ.

ಎರಡನೇ ಹಂತ: ನಿಲ್ಲಿಸುವುದು

ಸ್ಟಾರ್ಟ್ ಮೆನುವಿನಲ್ಲಿ ಸರ್ವೀಸಸ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೆರೆಯಿರಿ. ಪಟ್ಟಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಂಬ ಹೆಸರು, ಪಕ್ಕದಲ್ಲಿ ಕಂಸದೊಳಗೆ ಇನ್ನೊಂದು ಹೆಸರು ಕಾಣುತ್ತದೆ. ಇಂಥವು ಎರಡು ಮೂರು ಇರಬಹುದು, ಏಕೆಂದರೆ ಹಾಜರಿ ಯಂತ್ರದ ತಂತ್ರಾಂಶವೂ ತನ್ನದೊಂದನ್ನು ತಂದು ಹಾಕಿರುತ್ತದೆ. ನಿಮ್ಮದು ಯಾವುದು ಎನ್ನುವುದನ್ನು ಶಾಂತವಾಗಿರುವ ದಿನವೇ ನೋಡಿ, ಸರ್ವರ್ ಮೇಲೆ ಚೀಟಿ ಅಂಟಿಸಿಡಿ.

ರೈಟ್ ಕ್ಲಿಕ್ ಮಾಡಿ ಸ್ಟಾಪ್ ಒತ್ತಿ. ರೀಸ್ಟಾರ್ಟ್ ಎಂಬ ಆಯ್ಕೆಯೂ ಅಲ್ಲೇ ಇದೆ, ನಾನು ಅದನ್ನು ಬಳಸುವುದಿಲ್ಲ. ಪೂರ್ತಿ ನಿಂತಿತೇ ಎಂದು ಕಣ್ಣಾರೆ ನೋಡಿದ ಮೇಲೆ ಶುರು ಮಾಡುವುದೇ ಸರಿ. ನಿಲ್ಲುವ ಮೊದಲು ಸರ್ವೀಸು ನೆನಪಿನಲ್ಲಿ ಇಟ್ಟುಕೊಂಡಿದ್ದ ಬದಲಾವಣೆಗಳನ್ನೆಲ್ಲ ಡಿಸ್ಕಿಗೆ ಇಳಿಸುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಕೆಲವು ನಿಮಿಷ ಹಿಡಿಯಬಹುದು. ತಾಳ್ಮೆ ಕೆಟ್ಟು ಟಾಸ್ಕ್ ಮ್ಯಾನೇಜರಿನಿಂದ ಎಂಡ್ ಟಾಸ್ಕ್ ಮಾಡಿದರೆ ಈ ಕೆಲಸವೇ ತಪ್ಪಿಹೋಗುತ್ತದೆ, ಪವರ್ ಬಟನ್ ಒತ್ತಿದ್ದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ನಿಲ್ಲಿಸಿ ಶುರು ಮಾಡುವ ಆಜ್ಞೆಗಳನ್ನು ಬ್ಯಾಚ್ ಫೈಲಿನಲ್ಲಿ ಬರೆದು ಡೆಸ್ಕ್‌ಟಾಪ್ ಮೇಲೆ ಇಟ್ಟು ಹೋಗುವ ಟೆಕ್ನೀಷಿಯನ್ನರಿದ್ದಾರೆ. ಅದನ್ನು ಅಳಿಸಿ. ಎರಡು ಕ್ಲಿಕ್ಕಿಗೆ ಆಗುವ ಕೆಲಸವೆಂದರೆ ಯಾರೂ ಯಾರನ್ನೂ ಹೊರಗೆ ಕರೆಯುವುದಿಲ್ಲ. ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ ಎನ್ನುವ ಕ್ಲೀನರ್ ತಂತ್ರಾಂಶಗಳನ್ನೂ ಸರ್ವರಿನಲ್ಲಿ ಇಡಬೇಡಿ. ಅನಗತ್ಯವೆಂದು ತಿಳಿದು ಬೇಕಾದ ಸರ್ವೀಸನ್ನೇ ಅವು ನಿಲ್ಲಿಸಿದ್ದನ್ನು ಕಂಡಿದ್ದೇನೆ.

ಮೂರನೇ ಹಂತ: ಶುರು ಮಾಡುವುದು

ಸ್ಟಾರ್ಟ್ ಒತ್ತಿ, ಅಷ್ಟೇ.

ನಾಲ್ಕನೇ ಹಂತ: ಕಾಯುವುದು

ಸರ್ವೀಸಿನ ಮುಂದೆ ರನ್ನಿಂಗ್ ಎಂದು ಬಂದ ಮಾತ್ರಕ್ಕೆ ನಿಮ್ಮ ಕಂಪನಿಯ ಲೆಕ್ಕ ತಯಾರಾಗಿದೆ ಎಂದಲ್ಲ. ಸರ್ವೀಸು ಈಗ ಲಾಗ್ ಫೈಲನ್ನು ಓದಿ, ಪೂರ್ಣಗೊಂಡ ಎಂಟ್ರಿಗಳನ್ನು ಏರಿಸಿ, ಅರ್ಧದಲ್ಲಿ ನಿಂತವನ್ನು ರದ್ದು ಮಾಡುತ್ತಿರುತ್ತದೆ. ಸರಿಯಾಗಿ ನಿಲ್ಲಿಸಿದ್ದರೆ ಇದು ಕ್ಷಣದ ಕೆಲಸ, ಕರೆಂಟ್ ಹೋಗಿ ನಿಂತಿದ್ದರೆ ಹೊತ್ತು ಹಿಡಿಯುತ್ತದೆ. ಈ ಹೊತ್ತಿನಲ್ಲಿ ಲಾಗಿನ್ ಆಗಲಿಲ್ಲವೆಂದು ಮತ್ತೆ ನಿಲ್ಲಿಸಿ ಶುರು ಮಾಡಿದರೆ ಆ ಕೆಲಸ ಮೊದಲಿನಿಂದ ಆರಂಭವಾಗುತ್ತದೆ.

ಎಲ್ಲಿಗೆ ಬಂತು ಎಂದು ತಿಳಿಯಲು ಎಸ್‌ಕ್ಯೂಎಲ್ ಸರ್ವರಿನ ಲಾಗ್ ಫೋಲ್ಡರಿನಲ್ಲಿರುವ ಎರರ್‌ಲಾಗ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ರಿಕವರಿ ಪೂರ್ಣಗೊಂಡಿದೆ ಎಂಬ ಸಾಲು ಕೆಳಗಡೆ ಇಂಗ್ಲಿಷಿನಲ್ಲಿ ಸಿಕ್ಕರೆ ಮುಂದುವರಿಯಿರಿ. ಪ್ರತಿ ರೀಸ್ಟಾರ್ಟಿಗೂ ಒಂದು ಹೊಸ ಎರರ್‌ಲಾಗ್ ಹುಟ್ಟುತ್ತದೆ. ಹಳೆಯವುಗಳಲ್ಲಿ 6 ಮಾತ್ರ ಉಳಿಯುತ್ತವೆ. ಗಾಬರಿಯಲ್ಲಿ ಏಳೆಂಟು ಸಲ ಒತ್ತಿದರೆ, ಮೊದಲು ಏನು ಕೆಟ್ಟಿತ್ತು ಎಂದು ಹೇಳುವ ಫೈಲೇ ಅಳಿಸಿಹೋಗುತ್ತದೆ. ಎರಡು ಸಲ ಆದ ಮೇಲೂ ಸರಿಯಾಗದಿದ್ದರೆ ಪ್ರಯತ್ನ ಬಿಡಿ, ಆ ಫೋಲ್ಡರಿನ ಪ್ರತಿ ಇಟ್ಟುಕೊಂಡು ಬಲ್ಲವರನ್ನು ಕರೆಯಿರಿ.

ಶುರುವೇ ಆಗದೆ 1069 ಎಂಬ ಎರರ್ ಬಂದರೆ ವಿಂಡೋಸ್ ಪಾಸ್‌ವರ್ಡ್ ಇತ್ತೀಚೆಗೆ ಬದಲಾಯಿಸಿದ್ದೀರಾ ಎಂದು ನೆನಪು ಮಾಡಿಕೊಳ್ಳಿ, ಸರ್ವೀಸು ಹಳೆಯದನ್ನೇ ಹಿಡಿದಿರುತ್ತದೆ. ಶುರುವಾಗಿಯೂ ಹೊಸ ಬಿಲ್ಲು ಸೇವ್ ಆಗದಿದ್ದರೆ ಡಿಸ್ಕಿನಲ್ಲಿ ಜಾಗವಿದೆಯೇ ನೋಡಿ. ಎಕ್ಸ್‌ಪ್ರೆಸ್‌ನ 2022ರವರೆಗಿನ ಈಚಿನ ಆವೃತ್ತಿಗಳಲ್ಲಿ ಒಂದು ಡೇಟಾಬೇಸಿನ ಮಿತಿ 10 ಜಿಬಿ. ಅದು ತುಂಬಿದ್ದರೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ.

ಐದನೇ ಹಂತ: ಒಬ್ಬೊಬ್ಬರಾಗಿ ಒಳಗೆ

ಮೊದಲು ಸರ್ವರಿನಲ್ಲೇ ತಂತ್ರಾಂಶ ತೆರೆದು, ಚೀಟಿಗಳಲ್ಲಿ ಬರೆದ ವೋಚರ್ ನಂಬರುಗಳನ್ನು ತಾಳೆ ನೋಡಿ. ಆಮೇಲೆ ಒಂದು ಕಂಪ್ಯೂಟರ್ ಮಾತ್ರ ತೆರೆಸಿ. ಸರ್ವರಿನಲ್ಲಿ ತೆರೆದು ಉಳಿದ ಕಡೆ ತೆರೆಯದಿದ್ದರೆ ಅದೇ ಪಟ್ಟಿಯಲ್ಲಿರುವ ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಎಂಬ ಸರ್ವೀಸು ಓಡುತ್ತಿದೆಯೇ ನೋಡಿ. ಇಡೀ ಕಂಪ್ಯೂಟರನ್ನು ಆಗಲೇ ಆಫ್ ಮಾಡಿದ್ದರೆ ರೌಟರ್ ಅದಕ್ಕೆ ಬೇರೆ ಐಪಿ ವಿಳಾಸ ಕೊಟ್ಟಿರಬಹುದು. ಸರ್ವರಿಗೆ ಐಪಿ ಸ್ಥಿರವಾಗಿಯೇ ಇರಬೇಕು.

ಎಲ್ಲವೂ ಸರಿಯೆನಿಸಿದರೆ ಕೌಂಟರಿನವರನ್ನು ಕರೆಯಿರಿ. ಮೊಬೈಲಿನ ಫೋಟೊದಲ್ಲಿರುವ ಆ ಅರ್ಧ ಬಿಲ್ಲನ್ನು ಮೊದಲು ಮುಗಿಸಲಿ, ಗಿರಾಕಿ ಇನ್ನೂ ಅಲ್ಲೇ ನಿಂತಿದ್ದಾರೆ.