ಕೂಡದ ಕಾಲರ್ ಬೋನ್‌ಗೆ ಎರಡು ಸಣ್ಣ ಪ್ಲೇಟ್: ನನ್ನ ಅನುಭವ

ನಾನು ಮತ್ತೆ ಆಪರೇಷನ್ ಮಾಡಿದ ಡೊಂಬಿವಲಿಯ ಹೋಟೆಲ್ ಹುಡುಗನ ಕಾಲರ್ ಬೋನ್ ಕೊನೆಗೂ ಕೂಡಿತು. ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಆಚೆಯಿಂದೀಚೆ ಬೆಳೆದಿದೆ. "ಇಷ್ಟು ತೆಳ್ಳನೆ ಪ್ಲೇಟು ಟ್ರೇ ಹೊರುವವನಿಗೆ ತಡೆಯುತ್ತಾ?" ಎಂದು ಕೇಳಿದ ಗೆಳೆಯರಿಗಾಗಿ ಬರೆಯುತ್ತಿದ್ದೇನೆ.

ಹುಡುಗ ಕುಂದಾಪುರದ ಕಡೆಯವನು. ಬೇರೊಂದು ಆಸ್ಪತ್ರೆಯಲ್ಲಿ ಮೂಳೆಯ ಮೇಲಿನಿಂದ 3.5 ರೀಕನ್ ಪ್ಲೇಟ್ (3.5 ಮಿ.ಮೀ. ಸ್ಕ್ರೂಗಳ, ಬೇಕಾದಂತೆ ಬಗ್ಗಿಸಬಹುದಾದ ಪ್ಲೇಟ್) ಹಾಕಿದ್ದರು. ಏಳೆಂಟು ತಿಂಗಳಲ್ಲಿ ಅದು ಬಗ್ಗಿ, ಮುರಿತದ ಮೇಲಿದ್ದ ತೂತಿನಲ್ಲೇ ತುಂಡಾಯಿತು. ಬಗ್ಗಿಸಲು ಸುಲಭವಾದದ್ದು ತಾನೂ ಬಗ್ಗುತ್ತದೆ, ಅಲ್ವಾ? ಪ್ಲೇಟ್ ಹಾಕಿದ ಮಾತ್ರಕ್ಕೆ ಎಲ್ಲ ಕೂಡುವುದೂ ಇಲ್ಲ. ಕಾಲರ್ ಬೋನ್ ಮುರಿತದ ಬಗ್ಗೆ ಕೆನಡಾದಲ್ಲಿ ನಡೆದ 2007ರ ಅಧ್ಯಯನದಲ್ಲೂ ಪ್ಲೇಟ್ ಗುಂಪಿನಲ್ಲಿ 2 ನಾನ್‌ಯೂನಿಯನ್ (ಮೂಳೆ ಕೂಡದೇ ಹೋದದ್ದು) ಇದ್ದವು. ಮೊದಲ ಆಪರೇಷನ್‌ಗೇ ಲಕ್ಷದ ಹತ್ತಿರ ಹೋಗಿತ್ತು, ಸಾಲ ತೀರಿರಲಿಲ್ಲ.

ದಪ್ಪನೆ ಪ್ರೀಕಾಂಟೂರ್ಡ್ ಲಾಕಿಂಗ್ ಪ್ಲೇಟ್ (ಮೂಳೆಯ ಆಕಾರಕ್ಕೆ ಮೊದಲೇ ಬಗ್ಗಿಸಿದ, ಸ್ಕ್ರೂ ತಲೆ ಪ್ಲೇಟಿಗೇ ಕಚ್ಚಿಕೊಳ್ಳುವಂಥದ್ದು) ಹಾಕು ಎಂದರು ಸೀನಿಯರ್‌ಗಳು. ನಾನೂ ಬಹಳ ಹಾಕಿದ್ದೇನೆ, ಕೆಲಸ ಮಾಡುತ್ತದೆ. ಆದರೆ ಸಣಕಲು ಮೈಯಲ್ಲಿ ಚರ್ಮದಡಿ ಎದ್ದು ನಿಲ್ಲುತ್ತದೆ. ಆಮೇಲೆ ತೆಗೆಸಲು ಮತ್ತೆ ಖರ್ಚು. ಮುಂದೆ-ಕೆಳಗೆ ಒಂದೇ ಪ್ಲೇಟ್ ಕೂರಿಸಿದರೆ ಚುಚ್ಚುವುದು ಕಡಿಮೆ, ಆದರೆ ಇವನಿಗೆ ಹಿಡಿತ ಎರಡು ದಿಕ್ಕಿನಿಂದಲೂ ಬೇಕಿತ್ತು. ಹಳೇ ತೂತುಗಳೆಲ್ಲ ಮೇಲಿನಿಂದಲೇ ಇದ್ದವು. ಹಾಗಾಗಿ ಮೇಲೊಂದು 2.7ರ ಸಣ್ಣ ಪ್ಲೇಟ್, ಮುಂದೊಂದು 2.4ರದು, ಒಂದಕ್ಕೊಂದು ಲಂಬವಾಗಿ. ಎರಡೂ ಇಲ್ಲಿನದೇ ತಯಾರಿ. ಸ್ಕ್ರೂ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ಇಂಪೋರ್ಟೆಡ್ ಆದರೆ ಮೂರು ಪಟ್ಟು ಹೇಳಿದ್ದರು.

ಸೋಂಕಿನ ಸುಳಿವು ಕೊಡುವ ರಕ್ತಪರೀಕ್ಷೆ ಸಿಆರ್‌ಪಿ ಸರಿಯಿತ್ತು. ಆದರೂ ಐದು ಕಡೆಯ ಟಿಶ್ಯೂ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ನೋಡಲು) ಕಳಿಸಿ, 14 ದಿನ ಇಡಲು ಲ್ಯಾಬ್‌ಗೆ ಒತ್ತಾಯ ಮಾಡಿದೆ. ಭುಜದ ಕಡೆಯ ಚರ್ಮದಲ್ಲಿರುವ ಕ್ಯುಟಿಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಎರಡು-ಮೂರು ದಿನದಲ್ಲಿ ತಲೆ ಎತ್ತುವುದಿಲ್ಲ. ಏನೂ ಬೆಳೆಯಲಿಲ್ಲ.

ಮೂಳೆಯ ತುದಿಗಳು ಪೆನ್ಸಿಲ್ ಕೆತ್ತಿದಂತೆ ಚೂಪಾಗಿ, ಬೆಳ್ಳಗಿದ್ದವು. ರಕ್ತ ಜಿನುಗುವವರೆಗೆ ಕತ್ತರಿಸಿದೆ. ಮುಚ್ಚಿಹೋಗಿದ್ದ ಮೂಳೆಯೊಳಗಿನ ಮಜ್ಜೆಯ ನಾಳವನ್ನು ಎರಡೂ ಕಡೆ ಡ್ರಿಲ್‌ನಿಂದ ತೆರೆದೆ. ಒಂದೂವರೆ ಸೆಂಟಿಮೀಟರ್‌ನಷ್ಟು ಅಂತರ ಉಳಿಯಿತು. ಅಲ್ಲಿಗೆ ಗ್ರಾಫ್ಟ್ ಆಗಿ ಅವನದೇ ಸೊಂಟದ ಮೂಳೆಯ ಟ್ರೈಕಾರ್ಟಿಕಲ್ (ಮೂರು ಬದಿ ಗಟ್ಟಿ ಪದರವಿರುವ) ತುಂಡು, ಸುತ್ತ ಸ್ಪಂಜಿನಂಥ ಒಳಮೂಳೆ. ಮೂಳೆಯ ಬದಲಿಗೆ ತುಂಬುವ ಸೆರಾಮಿಕ್ ಕಣಗಳನ್ನು ಇಂಥ ಕೇಸಿನಲ್ಲಿ ಹಿಂದೆ ಹಾಕಿ ನೋಡಿದ್ದೆ. ದುಡ್ಡು ಹೋಯಿತು, ಮೂಳೆ ಬರಲಿಲ್ಲ. ಗ್ರಾಫ್ಟ್ ತಿರುಗದಂತೆ ಹಿಡಿದು ಕಂಪ್ರೆಷನ್ ಕೊಡಲು ನನ್ನದೊಂದು ಉಪಾಯ ಇದೆ. ಅದನ್ನಿಲ್ಲಿ ಬರೆಯುವುದಿಲ್ಲ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಆಪರೇಷನ್‌ಗೆ ಮೊದಲು ಇನ್ನೊಂದು ಪ್ರಯೋಗವನ್ನೂ ಮಾಡಿದ್ದೆ. ಅವನ ಸರಿಯಿರುವ ಬದಿಯ ಸಿಟಿಯನ್ನು ಕನ್ನಡಿಯಂತೆ ತಿರುಗಿಸಿ, ಠಾಣೆಯಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದೆ. ಎರಡು ಸಾವಿರದೊಳಗೆ ಮುಗಿಯಿತು. ಪ್ಲೇಟ್‌ಗಳನ್ನು ಅದರ ಮೇಲೆ ಮೊದಲೇ ಬಗ್ಗಿಸಿ ಆಟೋಕ್ಲೇವ್‌ಗೆ ಕೊಟ್ಟೆ. ಇಪ್ಪತ್ತು ನಿಮಿಷವಾದರೂ ಉಳಿಯಿತು. ಈಗ ಎಲ್ಲ ರಿವಿಷನ್‌ಗೂ (ಎರಡನೇ ಸಲದ ಆಪರೇಷನ್‌ಗೂ) ಹೀಗೇ ಮಾಡುತ್ತೇನೆ.

ಹುಡುಗನಿಗೆ ಭುಜಕ್ಕಿಂತ ಸೊಂಟದ ನೋವೇ ಜಾಸ್ತಿ ದಿನ ಇತ್ತು. ಅದನ್ನು ಮೊದಲೇ ಹೇಳಿಬಿಡಿ. ನಾಲ್ಕು ತಿಂಗಳ ಹೊತ್ತಿಗೆ ಸ್ಕ್ಯಾನ್ ಚೆನ್ನಾಗಿತ್ತು, ಟ್ರೇ ಹೊರಲು ಬಿಟ್ಟೆ. ಮುಂದಿನ ಪೇಶೆಂಟ್‌ಗೂ ಇದೇ ಎರಡು ಪ್ಲೇಟ್. ಆದರೆ ಅವನು ಸಿಗರೇಟ್ ಬಿಡುವವರೆಗೆ ಡೇಟ್ ಕೊಡುವುದಿಲ್ಲ ಎಂದಿದ್ದೇನೆ.